ಕೊಳವೆಯೊಳಗೆ ಹಗಲು, ಇರುಳು

ರಾತ್ರಿ ಎರಡು ದಾಟಿದೆ. ನೀವಿರುವುದು ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ, ತಕಾವೊ ಕೊಂಡೊ ಅವರ ಪ್ರಯೋಗಾಲಯದಲ್ಲಿ. ಕಾಲ 2005ರ ಆಸುಪಾಸು. ಎದುರಿಗೆ ಕಿರುಬೆರಳ ತುದಿಯಷ್ಟು ಪ್ಲಾಸ್ಟಿಕ್ ಕೊಳವೆ, 30 ಡಿಗ್ರಿಯ ಹದಬಿಸಿಯಲ್ಲಿ ಕೂತಿದೆ. ಎತ್ತಿ ದೀಪಕ್ಕೆ ಹಿಡಿಯಿರಿ. ನೀರಿನಂತೆ ತಿಳಿ. ಬಣ್ಣವಿಲ್ಲ, ಜೀವವೂ ಇಲ್ಲ. ಒಂದು ಬ್ಯಾಕ್ಟೀರಿಯಾದ ಮೂರು ಬಗೆಯ ಪ್ರೋಟೀನು, ಅವುಗಳ ಊಟಕ್ಕೆ ಎಟಿಪಿ, ಅಷ್ಟೇ. ಪ್ರೋಟೀನುಗಳ ಹೆಸರು ಕೈಎ, ಕೈಬಿ, ಕೈಸಿ. ಜಪಾನೀ ಭಾಷೆಯಲ್ಲಿ 'ಕೈ' ಅಂದರೆ ಸುತ್ತು. ಕನ್ನಡದ ಕಿವಿಗೆ ಬೇರೇನೋ ಕೇಳಿಸುತ್ತದೆ, ಇರಲಿ.

ಪಿಪೆಟ್ಟಿನ ತುದಿ ಅದ್ದಿ. ಹೆಬ್ಬೆರಳು ಸಡಿಲಿಸಿದಂತೆ ಕಂಡೂ ಕಾಣದಷ್ಟು ದ್ರವ ಮೇಲೇರುತ್ತದೆ. ಅದನ್ನು ಪ್ರೋಟೀನಿನ ಮಡಿಕೆ ಬಿಚ್ಚಿಹಾಕುವ ದ್ರಾವಣಕ್ಕೆ ಬಿಟ್ಟರೆ, ಆ ಹನಿಯ ಮಟ್ಟಿಗೆ ಕಾಲ ನಿಂತಿತು. ಕೆಲವು ಗಂಟೆ ಬಿಟ್ಟು ಇನ್ನೊಂದು ಹನಿ. ಮೂರು ದಿನ ಇದೇ ಕೆಲಸ.

ಯಾಕಿಷ್ಟು ಪಾಡು? ದಿನದೊಳಗೇ ಒಡೆದು ಎರಡಾಗಬಲ್ಲ ಬ್ಯಾಕ್ಟೀರಿಯಾಕ್ಕೆ 24 ಗಂಟೆಯ ಲೆಕ್ಕ ಯಾತಕ್ಕೆಂದು ಬಹುಕಾಲ ವಿಜ್ಞಾನಿಗಳೇ ನಕ್ಕಿದ್ದರು. ಹತ್ತು ವರ್ಷ ಹಿಂದಿನ ಕತ್ತಲೆ ಕೋಣೆಗೊಮ್ಮೆ ಇಣುಕಿ. ಕಿತ್ತಳೆ ಸಿಪ್ಪೆಯ ಥರದ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಡೆಕನಾಲ್, ಬೆಳಕು ಹೊಮ್ಮಲು ಬೇಕಾದ ಆವಿ. ತಟ್ಟೆಗಳಲ್ಲಿರುವುದು ಸೈನೆಕೊಕಾಕಸ್, ಹಿಂದೆ ನೀಲಿ-ಹಸಿರು ಪಾಚಿ ಎನ್ನುತ್ತಿದ್ದ ಬಳಗದ್ದು. ಕೊಂಡೊ, ಸೂಸನ್ ಗೋಲ್ಡನ್, ಕಾರ್ಲ್ ಜಾನ್ಸನ್ ಮತ್ತು ಜೊತೆಯವರು ಅದಕ್ಕೆ ಮಿನುಗುವ ಜೀನ್ ಜೋಡಿಸಿದ್ದಾರೆ. ಬರಿಗಣ್ಣಿಗೆ ಎಟುಕದ ಆ ಮಿನುಗನ್ನು ಕ್ಯಾಮೆರಾ ಹಿಡಿಯುತ್ತದೆ. ಸುತ್ತಲಿನ ಬೆಳಕನ್ನು ಒಂದೇ ಸಮ ಇಟ್ಟರೂ ಮಿನುಗು ಮಾತ್ರ ದಿನಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. ನಡುವೆ ಕೆಲವು ಕೆಟ್ಟ ಗಡಿಯಾರಗಳೂ ಇವೆ: 16 ಗಂಟೆಗೇ ದಿನ ಮುಗಿಸುವ ಆತುರಗಾರ, 60 ಗಂಟೆ ಎಳೆಯುವ ಮಂದಗತಿಯವ. ಇಂಥವರ ಜಾಡು ಹಿಡಿದೇ 1998ರಲ್ಲಿ ಆ ಮೂರು 'ಕೈ' ಜೀನ್‌ಗಳು ಸಿಕ್ಕಿದ್ದು.

ಜೀನ್ ಪ್ರೋಟೀನನ್ನು ಮಾಡಿಸುತ್ತದೆ, ಪ್ರೋಟೀನು ಹೆಚ್ಚಾದರೆ ಜೀನಿನ ಬಾಯಿ ಮುಚ್ಚಿಸುತ್ತದೆ, ಗಡಿಯಾರ ತಿರುಗುವುದು ಹೀಗೆ ಎಂದು ಎಲ್ಲರೂ ನಂಬಿದ್ದರು. ಆದರೆ ಕತ್ತಲಲ್ಲಿಟ್ಟ ಜೀವಕೋಶದಲ್ಲಿ ಜೀನ್‌ಗಳ ಕೆಲಸ ನಿಂತರೂ ಫಾಸ್ಫೇಟ್ ಅಂಟಿಸಿಕೊಂಡು ಕಳಚುವ ತನ್ನ ಲಯವನ್ನು ಕೈಸಿ ಬಿಡಲಿಲ್ಲ. ಹಾಗಾದರೆ ಜೀವಕೋಶವನ್ನೇ ತೆಗೆದುಬಿಟ್ಟರೆ?

ಈಗ ಕೊಳವೆಗೆ ಇಳಿಯಿರಿ. ಆರು ಕೈಸಿಗಳು ಒತ್ತಿ ಕೂತು ಎರಡಂತಸ್ತಿನ ಉಂಗುರವಾಗಿವೆ. ಕೈಎ ಬಂದು ಉಂಗುರದ ಬಾಲ ಹಿಡಿಯುತ್ತದೆ. ಕೈಸಿ ಎಟಿಪಿಯಿಂದ ಫಾಸ್ಫೇಟ್ ಕಿತ್ತು ಮೈಗೆ ಅಂಟಿಸಿಕೊಳ್ಳತೊಡಗುತ್ತದೆ. ಮೊದಲು ಒಂದು ಜಾಗಕ್ಕೆ, ಆಮೇಲೆ ಅದರ ಪಕ್ಕಕ್ಕೆ. ಎರಡೂ ತುಂಬಿದಾಗ ಕೈಬಿಯ ಸರದಿ. ಅದು ತನ್ನ ಮೈಯ ಮಡಿಕೆಯನ್ನೇ ಬದಲಿಸಿಕೊಂಡು ಉಂಗುರಕ್ಕೆ ಕೂರುತ್ತದೆ, ಕೈಎಯನ್ನು ಕಟ್ಟಿಹಾಕುತ್ತದೆ. ಫಾಸ್ಫೇಟುಗಳು ಅಂಟಿದ ಕ್ರಮದಲ್ಲೇ ಕಳಚುತ್ತವೆ. ಬರಿಮೈಯಾದ ಉಂಗುರವನ್ನು ಕೈಬಿ ಬಿಡುತ್ತದೆ, ಕೈಎಗೂ ಬಿಡುಗಡೆ. ಯಾರಿಗೂ ಆತುರವಿಲ್ಲ. ಒಂದು ಕೈಸಿ ಇಡೀ ದಿನದಲ್ಲಿ ಒಡೆಯುವ ಎಟಿಪಿ ಸುಮಾರು 15. ಎಷ್ಟೋ ಕಿಣ್ವಗಳಿಗೆ ಇದು ಒಂದು ಸೆಕೆಂಡಿನ ಕೆಲಸವೂ ಅಲ್ಲ. ನನ್ನನ್ನು ಕೇಳಿದರೆ, ಈ ಯಂತ್ರದ ನಿಜವಾದ ಕಸುಬುಗಾರಿಕೆ ಈ ಸೋಮಾರಿತನದಲ್ಲಿದೆ. ಬಿಸಿ ಏರಿದರೆ ರಾಸಾಯನಿಕ ಕ್ರಿಯೆಗಳು ಓಡುತ್ತವೆ, ಇದು ಓಡುವುದಿಲ್ಲ. 25 ಡಿಗ್ರಿ ಇರಲಿ, 35 ಇರಲಿ, ದಿನ ಹೆಚ್ಚುಕಡಿಮೆ ಅಷ್ಟೇ ಉದ್ದ.

ಮೂರು ದಿನ ಕಳೆದವು. ಹನಿಗಳನ್ನು ಸಾಲಾಗಿ ಜೆಲ್ಲಿನ ಗುಳಿಗಳಿಗೆ ಇಳಿಸಿ, ವಿದ್ಯುತ್ ಹಾಯಿಸಿ, ನೀಲಿ ಬಣ್ಣದಲ್ಲಿ ನೆನೆಹಾಕಿದ್ದೀರಿ. ತೊಳೆಯುತ್ತಿದ್ದಂತೆ ಹಿನ್ನೆಲೆ ತಿಳಿಯಾಗಿ ಪಟ್ಟೆಗಳು ಮೂಡುತ್ತವೆ. ಫಾಸ್ಫೇಟ್ ಹೊತ್ತ ಕೈಸಿ ಮೇಲೆ, ಹೊರದ್ದು ಕೆಳಗೆ. ಎಡದಿಂದ ಬೆರಳಿಟ್ಟು ಬನ್ನಿ. ಮೇಲಿನ ಪಟ್ಟೆ ದಪ್ಪವಾಗುತ್ತದೆ, ಸಣಕಲಾಗುತ್ತದೆ, ಮತ್ತೆ ದಪ್ಪ. ಒಂದು. ಎರಡು. ಮೂರನೆಯ ಸಲ ಎಣಿಸುವಾಗ ನಿಮ್ಮ ಬೆರಳು ನಡುಗುತ್ತಿದೆ. ಕೊಳವೆಯ ತಳದಲ್ಲಿ ಇನ್ನೂ ಸ್ವಲ್ಪ ದ್ರವ ಉಳಿದಿದೆ.