ಅಂಗೈಯಗಲದ ಬಣ್ಣ

ಹಳೆಯ ವಸ್ತುಗಳನ್ನು ಕಾಪಾಡಿಕೊಂಡು ಬರುವವರಲ್ಲಿ ಎರಡು ಪಂಗಡಗಳುಂಟು. ಹಳತು ಹೊಸತರಂತೆ ಥಳಥಳಿಸಬೇಕೆಂದು ಹಟ ತೊಟ್ಟವರದು ಒಂದು ಪಂಗಡ. ಹಳತು ಹಳತಾಗಿಯೇ ಇರಲಿ, ಹಾಳಾಗದಿದ್ದರೆ ಸಾಕು ಎನ್ನುವವರದು ಇನ್ನೊಂದು. ಅಜ್ಜಿಯ ಕಾಲದ ಹಿತ್ತಾಳೆಯ ಕೊಳಗವನ್ನು ಹುಣಿಸೆಹಣ್ಣು ಹಾಕಿ ಬೆಳಗುವ ವಿಷಯದಲ್ಲಿ ಇವರಿಬ್ಬರ ನಡುವೆ ದೊಡ್ಡ ವ್ಯಾಜ್ಯವೇನೂ ಹುಟ್ಟುವುದಿಲ್ಲ. ಬೆಳಗಿದ ಪಾತ್ರೆ ಕೆಲವು ದಿನಗಳಲ್ಲಿ ತಾನಾಗಿಯೇ ಮಾಸುತ್ತದೆ. ಹಳೆಯ ಮೋಟಾರು ಕಾರಿನ ಬಣ್ಣ ಹಾಗಲ್ಲ. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣ ಮತ್ತೆ ಮರಳಿ ಬಾರದು. ಆದಕಾರಣ ಕಾರಿಗೆ ಬಣ್ಣ ಹಚ್ಚಲು ಹೊರಟವನ ಮೊದಲ ಪ್ರಶ್ನೆ ಎಷ್ಟು ಬಣ್ಣ ಎಂಬುದು; ಯಾವ ಬಣ್ಣ ಎಂಬುದು ಆಮೇಲಿನ ಮಾತು.

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಸಮೀಪದ ವಸಂತನರಸಾಪುರದಲ್ಲಿ ಈ ಪ್ರಶ್ನೆ ಸುಲಭವಾಗಿ ಹುಟ್ಟುತ್ತದೆ. ಹೊಲಗಳ ಬಯಲು ಈಗ ದೊಡ್ಡ ಕೈಗಾರಿಕಾ ಪ್ರದೇಶವಾಗಿದೆ. 2014ರ ಸೆಪ್ಟೆಂಬರಿನಲ್ಲಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಕಾರ್ಖಾನೆಗಳಿಗೆ ಸರಕು ತರುವ, ಸರಕು ಒಯ್ಯುವ ಲಾರಿಗಳ ಚಕ್ರಗಳಿಂದ ಚಿಮ್ಮುವ ಜಲ್ಲಿಗೆ ಹಳೆಯ ಕಾರು ಯಾವುದು, ಹೊಸ ಕಾರು ಯಾವುದು ಎಂಬ ವಿವೇಚನೆ ಇಲ್ಲ. ಕಡಲೆಬೀಜದಷ್ಟು ಕಲ್ಲು ಬಡಿದರೂ ಬಣ್ಣ ಚಕ್ಕೆಯೆದ್ದು ಕಬ್ಬಿಣದ ತಗಡು ಕಾಣಿಸುತ್ತದೆ. ಅಲ್ಲಿಗೆ ಮಳೆಯ ಹನಿ ಸೇರಿದರೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಬೇಡುತ್ತದೆ. ಆದುದರಿಂದ ಸುತ್ತಲಿನ ಗಟ್ಟಿ ಬಣ್ಣವನ್ನೂ ಅಡಿಯಿಂದ ಎಬ್ಬಿಸುತ್ತ ಮುಂದುವರಿಯುತ್ತದೆ.

ಇಂಥ ಆಸುಪಾಸಿನಲ್ಲಿ ವಾಸಿಸುವ ಗೃಹಸ್ಥರೊಬ್ಬರ ಮನೆಯಲ್ಲಿ 1966ರ ಒಂದು ಫಿಯೆಟ್ ಕಾರು ಇದೆ. ಬೊಂಬಾಯಿಯ ಪ್ರೀಮಿಯರ್ ಕಂಪೆನಿಯವರು 1964ರಿಂದ ತಯಾರಿಸತೊಡಗಿದ, ಮುಂದೆ ‘ಪದ್ಮಿನಿ’ ಎಂದು ಮನೆಮಾತಾದ ಬಗೆಯದು. ಅವರ ತಂದೆ ಕೊಬ್ಬರಿ ವ್ಯಾಪಾರಿಗಳು. ಗುಬ್ಬಿಯ ಮೇಲೆ ತಿಪಟೂರಿನ ಮಂಡಿಗೆ ಹೋಗಿಬರುತ್ತಿದ್ದುದು ಈ ಕಾರಿನಲ್ಲಿಯೇ. ತಂದೆ ಹೋದರು, ವ್ಯಾಪಾರ ನಿಂತಿತು, ಕಾರು ಉಳಿಯಿತು. ಈಗ ಬೆಂಗಳೂರಿನಲ್ಲಿರುವ ತಮ್ಮನ ಮಗಳ ಮದುವೆ. ತಮ್ಮ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಅಣ್ಣಾ, ಪೂರ್ತಿ ಕೆರೆಸಿ ಹೊಸ ಬಣ್ಣ ಹೊಡೆಸಿಬಿಡೋಣ. ವಧೂವರರು ಇದರಲ್ಲಿಯೇ ಬರಲಿ, ಫೋಟೋದಲ್ಲಿ ಕನ್ನಡಿಯ ಹಾಗೆ ಕಾಣಬೇಕು. ಖರ್ಚು ನನ್ನದು” ಎಂದ. ಅಣ್ಣ ಉತ್ತರ ಕೊಡಲಿಲ್ಲ. ಚಾಲಕನ ಬಾಗಿಲಿನ ಕಿಟಕಿಯ ಅಂಚನ್ನು ನೋಡುತ್ತ ನಿಂತರು. ಅಲ್ಲಿ ಅಂಗೈಯಗಲ ಬಣ್ಣ ಸವೆದು, ಅಡಿಯ ಕೆಂಪು ಪ್ರೈಮರು ಕಾಣುತ್ತಿತ್ತು. ಕಲ್ಲು ಬಡಿದ ಗುರುತಲ್ಲ ಅದು. ವರ್ಷಗಟ್ಟಲೆ ಮೊಣಕೈ ಊರಿದ ಗುರುತು.

ತಮ್ಮನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಪೂರ್ತಿ ಬಣ್ಣಕ್ಕೆ ಬೇರೊಂದು ಬೆಲೆಯೂ ಉಂಟು. 50 ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದಾಗ ಅದು ಮುಖ್ಯವಾಗಿ ಕೇಳಿದ್ದು, ವಾಹನ ಮೂಲ ರೂಪದಲ್ಲಿರಬೇಕು ಎಂಬುದನ್ನು. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳ ಮುಂದೆ ಜನ ನಿಲ್ಲುವುದೂ ಮೂಲದ ಆಕರ್ಷಣೆಯಿಂದಲೇ. ಅಣ್ಣ ಕೊನೆಗೆ ಹೇಳಿದ್ದಿಷ್ಟು: “ಪೆಟ್ಟು ಬಿದ್ದಲ್ಲಿ ಮಾತ್ರ ಹಚ್ಚುತ್ತೇನೆ. ನಾನೇ ಹಚ್ಚುತ್ತೇನೆ.”

ಹಾಗೆ ಹೇಳುವುದು ಸುಲಭ, ಹಚ್ಚುವುದು ಬೇರೆ. ನಮ್ಮ ಕಡೆ ಕಾರಿನ ಬಣ್ಣಕ್ಕೆಲ್ಲ ‘ಡ್ಯೂಕೊ’ ಎಂಬ ಒಂದೇ ಹೆಸರು ರೂಢಿಯಲ್ಲಿದೆ. ಅದು ಅಮೆರಿಕದ ಡ್ಯೂಪಾಂಟ್ ಕಂಪೆನಿ 1920ರ ದಶಕದಲ್ಲಿ ಹೊರತಂದ ನೈಟ್ರೊಸೆಲ್ಯುಲೋಸ್ ಲ್ಯಾಕರಿನ ವ್ಯಾಪಾರನಾಮ. ಅದಕ್ಕೆ ಮುಂಚೆ ಕಾರಿಗೆ ವಾರ್ನಿಷಿನ ಬಣ್ಣ ಹಚ್ಚಿ ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಲ್ಯಾಕರು ಬಂದ ಮೇಲೆ ಗಂಟೆಗಳ ಮಾತಾಯಿತು. ಹೆಸರು ಪರದೇಶದ್ದಾದರೂ ‘ಲ್ಯಾಕರ್’ ಎಂಬ ಪದದ ಬೇರು ನಮ್ಮದೇ ‘ಲಾಕ್ಷಾ’, ಎಂದರೆ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ. 1937ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಗಿ, ಮುಂದೆ ಚುನಾವಣೆಯ ಅಳಿಸಲಾಗದ ಶಾಯಿಯಿಂದ ಪ್ರಸಿದ್ಧವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೂ ಅರಗಿತ್ತು. ಕಾರಿನ ಲ್ಯಾಕರಿನಲ್ಲಿ ಮಾತ್ರ ಅರಗಿಲ್ಲ. ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯ ನಾರು ಅದರ ಮೂಲ. ಆದರೂ ಬೆಂಕಿಯ ವಿಷಯದಲ್ಲಿ ಅದು ಪಾಂಡವರ ಅರಗಿನ ಮನೆಗೆ ಸೋಲುವಂಥದಲ್ಲ. ಹತ್ತಿರ ಬೀಡಿಯಾಗಲಿ ದೀಪವಾಗಲಿ ಇರಕೂಡದು.

ಮೊದಲು ತಿಳಿಯಬೇಕಾದುದು ಕಾರಿನ ಮೇಲಿರುವ ಬಣ್ಣದ ಜಾತಿ. ಡಿಕ್ಕಿಯ ಒಳಗೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಲ್ಯಾಕರ್ ತಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ನೋಡಬೇಕು. ಬಣ್ಣ ಕರಗಿ ಹತ್ತಿಗೆ ಹತ್ತಿದರೆ ಲ್ಯಾಕರು. ಸುಕ್ಕುಗಟ್ಟಿ ಎದ್ದರೆ ಸಿಂಥೆಟಿಕ್ ಎನಾಮಲ್. ಏನೂ ಆಗದಿದ್ದರೆ ಗಟ್ಟಿಕಾರಕ ಬೆರೆಸಿ ಹಚ್ಚುವ ಇತ್ತೀಚಿನ ಬಣ್ಣ. ಈ ಪರೀಕ್ಷೆಯನ್ನು ಬಿಟ್ಟು ಎನಾಮಲಿನ ಮೇಲೆ ಲ್ಯಾಕರ್ ಸುರಿದರೆ ಅದರ ತಿನ್ನರು ಅಡಿಯ ಬಣ್ಣವನ್ನು ಕಚ್ಚಿ, ಕುದಿದ ಹಾಲಿನ ಕೆನೆಯಂತೆ ಮುದುಡಿಸುತ್ತದೆ. ಗೃಹಸ್ಥರ ಹತ್ತಿಗೆ ಬಣ್ಣ ಹತ್ತಿತು, ಲ್ಯಾಕರೆಂದು ಗೊತ್ತಾಯಿತು.

ಗಟ್ಟಿಕಾರಕದ ಬಣ್ಣ ಹೆಚ್ಚು ಬಾಳುತ್ತದೆ, ಪೆಟ್ರೋಲ್ ಬಿದ್ದರೂ ಕರಗುವುದಿಲ್ಲ. ಆದರೆ ಆ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ದ್ರವ್ಯವುಂಟು. ಅದರ ಮಂಜು ಶ್ವಾಸಕೋಶ ಸೇರಿದರೆ ಆಸ್ತಮಾ ಹತ್ತಬಹುದು. ಒಮ್ಮೆ ಹತ್ತಿದವನಿಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಅಪಾಯ. ಮೂಗಿಗೆ ಕಟ್ಟಿದ ಕರವಸ್ತ್ರ ಅದಕ್ಕೆ ತಡೆಯಾಗದು. ಹೊರಗಿನ ಶುದ್ಧ ಗಾಳಿಯನ್ನು ನಳಿಗೆಯಿಂದ ಒದಗಿಸುವ ಮುಖವಾಡವಿರುವ ವೃತ್ತಿಗಾರರ ಕೆಲಸ ಅದು, ಮನೆಯ ಅಂಗಳದ್ದಲ್ಲ. ಹಳೆಯ ಬಣ್ಣಗಳಲ್ಲಿ ಸೀಸವೂ ಇರುವುದುಂಟು. ಆದುದರಿಂದ ಒಣಗಿದ್ದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಬಣ್ಣ ಹೊಂದಿಸುವುದರಲ್ಲಿಯೂ ಒಂದು ಮರ್ಮವಿದೆ. ಕಾರ್ಖಾನೆಯ ಪಟ್ಟಿಯಲ್ಲಿರುವ ಬಣ್ಣ 1966ರದು; ಬಾಗಿಲಿನ ಮೇಲಿರುವುದು ಅಷ್ಟು ಬೇಸಗೆಗಳನ್ನು ಕಂಡ ಬಣ್ಣ. ಇವೆರಡೂ ಈಗ ಒಂದಲ್ಲ. ಮೊದಲು ಹಳೆಯ ಮೈಯನ್ನು ತೊಳೆದು, ರಬ್ಬಿಂಗ್ ಕಾಂಪೌಂಡಿನಿಂದ ಮೆಲ್ಲನೆ ಉಜ್ಜಿ, ಮಾಸಿದ ಪೊರೆಯನ್ನು ತೆಗೆಯಬೇಕು. ಆಮೇಲೆ ಬಿಚ್ಚಿ ಒಯ್ಯಬಹುದಾದ ಸಣ್ಣ ಭಾಗವೊಂದನ್ನು ಬಣ್ಣದ ಅಂಗಡಿಗೆ ಕೊಂಡೊಯ್ದು ಅದಕ್ಕೆ ಹೊಂದುವಂತೆ ಬೆರೆಸಿಸಬೇಕು. ಒಣಗಿದಾಗ ಬಣ್ಣದ ಛಾಯೆ ಬದಲಾಗುವುದರಿಂದ ತಗಡಿನ ತುಂಡಿಗೆ ಹಚ್ಚಿ ಒಣಗಿಸಿ, ಅಂಗಡಿಯ ದೀಪದ ಕೆಳಗಲ್ಲದೆ ಬಿಸಿಲಿನಲ್ಲಿ ನೋಡಬೇಕು.

ಇನ್ನು ಕೆಲಸ. ತುಕ್ಕನ್ನು 80ನೆಯ ನಂಬರಿನ ಎಮರಿ ಕಾಗದದಿಂದ ಶುಭ್ರವಾದ ಲೋಹ ಕಾಣುವವರೆಗೆ ತೆಗೆಯಬೇಕು. ಗಾಯದ ಅಂಚನ್ನು 240, 400ರಿಂದ ಇಳಿಜಾರು ಮಾಡಬೇಕು. ಸಂಪೂರ್ಣ ಒಣಗಿಸಿ, ಎಣ್ಣೆಯ ಅಂಶ ಒರೆಸಿ, ತಡಮಾಡದೆ ಪ್ರೈಮರ್ ಹಚ್ಚಬೇಕು. ಪ್ರೈಮರನ್ನೇ ಕೊನೆಯ ಬಣ್ಣವೆಂದು ಬಿಟ್ಟರೆ ಅದು ತೇವವನ್ನು ಹೀರಿಕೊಂಡು ಒಳಗೆ ತುಕ್ಕನ್ನು ಸಾಕುತ್ತದೆ. ಅದನ್ನು 600ರಿಂದ ನೀರು ಹಾಕಿ ಉಜ್ಜಿ ನಯಮಾಡಿದ ಮೇಲೆ ಬಣ್ಣ. ಕಲ್ಲಿನ ಚುಕ್ಕೆಗಳಿಗೆ ಪಿಚಕಾರಿಯೂ ಬೇಡ. ಸಣ್ಣ ಕುಂಚದ ತುದಿಯಿಂದ ಹನಿಯಿಟ್ಟರೆ ಸಾಕು. ಲ್ಯಾಕರ್ ಒಣಗುತ್ತ ಕುಗ್ಗುವುದರಿಂದ ತೆಳುವಾಗಿ ನಾಲ್ಕಾರು ಸಲ ಇಟ್ಟು, ಸುತ್ತಲಿಗಿಂತ ಕೂದಲೆಳೆ ಎತ್ತರವಾದಾಗ ನಿಲ್ಲಿಸಬೇಕು. ಕೆಲವು ದಿನ ಸುಮ್ಮನೆ ಬಿಟ್ಟು, 1500, 2000ದ ಕಾಗದದಿಂದ ಸಮಮಾಡಿ ಹೊಳಪು ಕೊಡಬೇಕು.

ಹವೆಯನ್ನೂ ಕೇಳಬೇಕು. ಮಳೆಯ ದಿನ ಹಚ್ಚಿದರೆ ತಿನ್ನರು ಆರುವ ವೇಗಕ್ಕೆ ಮೇಲ್ಮೈ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕುಳಿತು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಏಪ್ರಿಲಿನ ನಡುಹಗಲಿನಲ್ಲಿ ಪಿಚಕಾರಿ ಹಿಡಿದರೆ ಬಣ್ಣ ಬಾಗಿಲನ್ನು ಮುಟ್ಟುವ ಮುಂಚೆಯೇ ಒಣಗಿ ಮರಳಾಗುತ್ತದೆ. ಒಣ ದಿನದ ಬೆಳಗು, ಲಾರಿಗಳ ಧೂಳು ಏಳುವ ಮುಂಚಿನ ನೆರಳು, ಇದಕ್ಕೆ ಪ್ರಶಸ್ತ.

ಮೂರು ವಾರಗಳಲ್ಲಿ ಮೂತಿಯ ಮೇಲಿನ ಚುಕ್ಕೆಗಳೆಲ್ಲ ಅಡಗಿದುವು. ಉಳಿದದ್ದು ಕಿಟಕಿಯ ಅಂಚು. ಅದನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ತುಕ್ಕು ಖಂಡಿತ. ಮುಚ್ಚಿದರೆ ತಂದೆಯ ಗುರುತು ಹೋಗುತ್ತದೆ. ಕುಂಚ ಹಿಡಿದು ಕುಳಿತ ಮಗನನ್ನು ಜಗಲಿಯಿಂದ ನೋಡುತ್ತಿದ್ದ ವೃದ್ಧ ತಾಯಿ, “ಏನಪ್ಪಾ, ಇನ್ನೂ ಆಗಲಿಲ್ಲವೆ?” ಎಂದರು.

“ಅಮ್ಮಾ, ಇಲ್ಲಿ ಅಪ್ಪ ಕೈ ಇಡುತ್ತಿದ್ದರು.”

“ಹೌದು. ಬಿಸಿಲಿಗೆ ಕಾದಿದ್ದರೂ ಇಡುತ್ತಿದ್ದರು. ಆ ಕೈ ಮಾತ್ರ ಕಪ್ಪಗಾಗಿತ್ತು,” ಎಂದು ನಕ್ಕು, ಸ್ವಲ್ಪ ಹೊತ್ತಿನ ಮೇಲೆ, “ಕಬ್ಬಿಣ ಹಾಳಾಗದ ಹಾಗೆ ನೋಡಿಕೊ, ಅವರಿಗೆ ಅದು ಸೇರುತ್ತಿರಲಿಲ್ಲ,” ಎಂದರು.

ಗೃಹಸ್ಥರು ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿದರು. ಸವೆದ ಜಾಗವನ್ನು ಒರೆಸಿ ಒಣಗಿಸಿ, ಬಣ್ಣವಿಲ್ಲದ ಬರಿಯ ಲ್ಯಾಕರನ್ನು ಅದರ ಮೇಲೆ ತೆಳ್ಳಗೆ ಎಳೆದರು. ಆರಿದ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಕೆಂಪು ಗುರುತು ಅಡಿಯಲ್ಲಿ ಹಾಗೆಯೇ ಕಾಣುತ್ತಿತ್ತು. ಮೇಲೆ ಬಿದ್ದ ನೀರು ಮಾತ್ರ ಹನಿಯಾಗಿ ಜಾರಿಹೋಗುತ್ತಿತ್ತು.

ಮದುವೆಯ ದಿನ ಕಾರು ಕನ್ನಡಿಯಂತೇನೂ ಹೊಳೆಯಲಿಲ್ಲ. ತಮ್ಮ ಮಗಳನ್ನೂ ಅಳಿಯನನ್ನೂ ಹಿಂದೆ ಕೂರಿಸಿ, ತಾನೇ ನಡೆಸುತ್ತೇನೆಂದು ಚಾಲಕನ ಸ್ಥಳದಲ್ಲಿ ಕುಳಿತ. ಛತ್ರದ ಬಾಗಿಲು ದಾಟುವಾಗ ಅವನ ಬಲಗೈ ತಾನಾಗಿಯೇ ಕಿಟಕಿಯ ಅಂಚಿಗೆ ಹೋಗಿ ಕುಳಿತಿತು. ಅಣ್ಣ ಅದನ್ನು ಕಂಡರು. ಲ್ಯಾಕರು ಚೆನ್ನಾಗಿ ಆರಿದೆಯೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡರು.