ಗೋಡೆಯೂ ಪರದೆಯೂ

ಮನೆಗೆ ಬರುವ ವಸ್ತುಗಳಲ್ಲಿ ಎರಡು ಜಾತಿಗಳುಂಟು. ಕೆಲವು ಬಂದು ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತು, ಬೇಕೆಂದಾಗ ಮಾತ್ರ ಕೈಗೆ ಬರುತ್ತವೆ. ಕೊಡೆ, ಏಣಿ, ಈಳಿಗೆಮಣೆ ಇವು ಆ ಜಾತಿಯವು. ಇನ್ನು ಕೆಲವು ಬಂದ ದಿನದಿಂದಲೇ ಯಜಮಾನಿಕೆಯನ್ನು ನಡೆಸತೊಡಗುತ್ತವೆ. ಮನೆಯವರೆಲ್ಲರೂ ಅವುಗಳ ಮುಖವನ್ನು ನೋಡಿಕೊಂಡು ತಮ್ಮ ತಮ್ಮ ಜಾಗವನ್ನು ಬದಲಿಸಬೇಕಾಗುತ್ತದೆ. ದೂರದರ್ಶನದ ಯಂತ್ರ ಈ ಎರಡನೆಯ ಜಾತಿಗೆ ಸೇರಿದುದು. ಅದನ್ನು ಕೊಳ್ಳುವುದೆಂದರೆ ಒಂದು ಸಾಮಾನನ್ನು ಕೊಂಡಂತಲ್ಲ; ಮನೆಗೆ ಒಬ್ಬ ಅತಿಥಿಯನ್ನು ಕಾಯಮ್ಮಾಗಿ ಕರೆತಂದಂತೆ. ಆ ಅತಿಥಿಗೆ ಎಷ್ಟು ಜಾಗ ಕೊಡಬೇಕು, ಯಾರ ಜಾಗವನ್ನು ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ.

2025ರ ದಸರೆಯ ಹೊತ್ತಿಗೆ ಈ ಪ್ರಶ್ನೆ ನಮ್ಮ ಮನೆಯಲ್ಲಿ ತಲೆಯೆತ್ತಿತು. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರ ಮನೆಗಳು ನಮ್ಮ ಮನೆಯಷ್ಟೇ, ಕೆಲವರವು ಅದಕ್ಕಿಂತಲೂ ಚಿಕ್ಕವು ಎಂಬುದನ್ನು ನಾನು ಬಲ್ಲೆ. ನಮ್ಮ ಲೆಕ್ಕಾಚಾರ ಅವರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾವು ವಿಜಯಪುರ ಜಿಲ್ಲೆಯವರು. ಹೊಟ್ಟೆಪಾಡಿಗಾಗಿಯೂ ಕನ್ನಡ ಕಲಿಸುವ ಹಂಬಲಕ್ಕಾಗಿಯೂ ಪುಣೆಗೆ ಬಂದು ನೆಲೆಸಿದವರು. ಪರ್ವತಿ ಗುಡ್ಡದ ಮಗ್ಗುಲಲ್ಲಿ ನಮ್ಮ ಬಾಡಿಗೆಯ ಬಿಡಾರ. ಒಂದು ಅಡಿಗೆಯ ಕೋಣೆ. ಅದರ ಮುಂದೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಇನ್ನೊಂದು ಕೋಣೆ. ಆ ಒಂದು ಕೋಣೆಯೇ ಬೆಳಿಗ್ಗೆ ಪಡಸಾಲೆ, ಮಧ್ಯಾಹ್ನ ಅವ್ವನ ವಿಶ್ರಾಂತಿಗೃಹ, ಸಂಜೆ ಪಾಠಶಾಲೆ, ರಾತ್ರಿ ಶಯನಮಂದಿರ. ಇರುವವರು ನಾಲ್ವರು: ಅವ್ವ, ಮನೆಯಾಕೆ, ನಾಲ್ಕನೆಯ ಇಯತ್ತೆಯಲ್ಲಿ ಓದುವ ಮಗಳು ಮತ್ತು ನಾನು.

ಅವ್ವ ಊರು ಬಿಟ್ಟು ನಮ್ಮಲ್ಲಿಗೆ ಬಂದು ಎರಡು ವರ್ಷಗಳಾದವು. ಹಗಲು ಹೊತ್ತು ನಾವು ಮೂವರೂ ಹೊರಗೆ, ಅವಳೊಬ್ಬಳೇ ಒಳಗೆ. ಓಣಿಯ ಹೆಂಗಸರು ಬಹಳ ಒಳ್ಳೆಯವರು. ಆದರೆ ಅವ್ವನಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ನಗೆಯಿಂದ ಆರಂಭವಾದ ಸಂಭಾಷಣೆ ನಗೆಯಲ್ಲಿಯೇ ಮುಗಿದುಹೋಗುತ್ತದೆ. ಊರಲ್ಲಿ ದಿನವಿಡೀ ಕಟ್ಟೆಯ ಮೇಲೆ ಕುಳಿತು ನಾಲ್ಕು ಮನೆಯ ಸುಖದುಃಖ ಕೇಳಿದವಳು ಇಲ್ಲಿ ಗಡಿಯಾರದ ಸಪ್ಪಳ ಕೇಳುತ್ತ ಕುಳಿತಿರುವುದನ್ನು ನೋಡಿ, ಒಂದು ದೂರದರ್ಶನವನ್ನು ತರೋಣವೆಂದು ನಾವು ಯೋಚಿಸಿದೆವು. ಅವಳನ್ನು ಕೇಳಿದಾಗ, “ನನಗ ಏನೂ ಬ್ಯಾಡಪಾ. ಹಗಲೆಲ್ಲ ಮನ್ಯಾಗ ಒಂದು ಕನ್ನಡ ದನಿ ಕೇಳಿದ್ರ ಸಾಕು” ಎಂದಳು. ಬೇಡವೆನ್ನುತ್ತಲೇ ಬೇಕೆನ್ನುವುದು ತಾಯಂದಿರ ರೀತಿ.

ಇನ್ನು ಜಾಗದ ವಿಚಾರ. ಕೋಣೆಗೆ ಗೋಡೆಗಳು ನಾಲ್ಕಿದ್ದರೂ ಈ ಕೆಲಸಕ್ಕೆ ಒದಗುವುದು ಒಂದೇ. ಮೊದಲನೆಯದರಲ್ಲಿ ಕಿಟಕಿ ಇದೆ. ಅದರ ಪಕ್ಕದಲ್ಲಿ ಪರದೆಯನ್ನಿಟ್ಟರೆ ನೋಡುವವರ ಕಣ್ಣಿಗೆ ಬೆಳಕು ನೇರವಾಗಿ ಕುಕ್ಕುತ್ತದೆ. ಅದರ ಇದಿರಿನ ಗೋಡೆಯಲ್ಲಿಟ್ಟರೆ ಕಿಟಕಿಯೇ ಪರದೆಯ ಮೇಲೆ ಪ್ರತಿಬಿಂಬಿಸಿ, ಚಿತ್ರದ ಬದಲು ಓಣಿಯನ್ನು ನೋಡಬೇಕಾಗುತ್ತದೆ. ಮೂರನೆಯದರಲ್ಲಿ ಗೋಡೆಬೀರು, ಅದಕ್ಕೆ ಒರಗಿ ಅವ್ವನ ಮಂಚ. ಉಳಿದುದು ನಾಲ್ಕನೆಯದು. ಅದರಲ್ಲಿಯೂ ಅಡಿಗೆಯ ಕೋಣೆಯ ಬಾಗಿಲು, ನೀರಿನ ಪೀಪಾಯಿ ಇವುಗಳನ್ನು ಕಳೆದರೆ ಸಿಕ್ಕುವ ಅಗಲ ನಾಲ್ಕು ಅಡಿ, ಎಂದರೆ 48 ಅಂಗುಲ. ಆ 48ರಲ್ಲಿ 18 ಅಂಗುಲವನ್ನು ನನ್ನ ಪುಸ್ತಕದ ಕಪಾಟು ಆಗಲೇ ಹಿಡಿದುಕೊಂಡಿತ್ತು. ಆ ಕಪಾಟಿನ ಪರಿಚಯ ನಿಮ್ಮಲ್ಲಿ ಕೆಲವರಿಗಿದೆ. ಊರಿಗೆ ಹೋದಾಗಲೆಲ್ಲ ಚೀಲದಲ್ಲಿ ಹೊತ್ತು ತಂದ ಕನ್ನಡ ಪುಸ್ತಕಗಳು ಅದರಲ್ಲಿವೆ; ಭಾನುವಾರ ಬಂದು ಒಯ್ದು, ಓದಿ, ಹಾಳೆಯ ಮೂಲೆ ಮಡಿಚದೆ ಹಿಂದಕ್ಕೆ ತಂದುಕೊಡುವ ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ.

ಅಂಗಡಿಯಲ್ಲಿ ನಮ್ಮ ಪರಿಸ್ಥಿತಿ ಕೇಳುವವರಿರಲಿಲ್ಲ. ಗೋಡೆಯ ತುಂಬ ಪರದೆಗಳು. ಎಲ್ಲದರಲ್ಲಿಯೂ ಒಂದೇ ಹವಳದ ದಂಡೆ, ಒಂದೇ ಬಣ್ಣದ ಮೀನು. ಮಾರುವ ತರುಣ ಬಹಳ ಮರ್ಯಾದೆಯವನು. “ಗುರೂಜಿ, ಈಗ ದೊಡ್ಡದನ್ನು ಕೊಳ್ಳುವವರೇ ಜಾಣರು” ಎಂದು ಮರಾಠಿಯಲ್ಲಿ ಹೇಳಿದ. ಅವನ ಮಾತಿಗೆ ಆಧಾರವೂ ಇತ್ತು. ಅಲ್ಲಿಯವರೆಗೆ 32 ಅಂಗುಲದವರೆಗಿನ ಯಂತ್ರಗಳಿಗೆ ನೂರಕ್ಕೆ 18, ಅದಕ್ಕಿಂತ ದೊಡ್ಡವಕ್ಕೆ ನೂರಕ್ಕೆ 28 ತೆರಿಗೆ ಇದ್ದಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡವಕ್ಕೂ 18ಕ್ಕೆ ಇಳಿಯಿತು. ಆದುದರಿಂದ 43 ಅಂಗುಲದ್ದು, ಸಾಧ್ಯವಾದರೆ 55 ಅಂಗುಲದ್ದು ತೆಗೆದುಕೊಳ್ಳಿರೆಂದು ಅವನ ಸಲಹೆ. ಮನೆಯಾಕೆಗೂ 43ರ ಮೇಲೆಯೇ ಮನಸ್ಸು. ಆದರೆ ಅವಳ ಕಾರಣ ಬೇರೆ. ಅವ್ವ ಕಣ್ಣಿನ ಪೊರೆ ತೆಗೆಸಿಕೊಂಡವಳು. “ಅತ್ತೆಯವರಿಗೆ ಕಾಣಬೇಕಲ್ಲ? ಕಾಣದಿದ್ದ ಮೇಲೆ ತಂದರೇನು, ಬಿಟ್ಟರೇನು?” ಎಂದಳು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಯೋಚಿಸಿ ಬರುತ್ತೇವೆಂದು ಹೇಳಿ ಬರಿಗೈಯಲ್ಲಿ ಮನೆಗೆ ಮರಳಿದೆವು.

ಈಗ ಸ್ವಲ್ಪ ಗಣಿತ. ಅಂಗಡಿಯವರು ಹೇಳುವ 32, 43, 55 ಎಂಬ ಅಂಗುಲಗಳು ಪರದೆಯ ಅಗಲವಲ್ಲ, ಎತ್ತರವೂ ಅಲ್ಲ. ಅದು ಮೂಲೆಯಿಂದ ಮೂಲೆಗಿರುವ ಕರ್ಣದ ಅಳತೆ. ಈಗಿನ ಪರದೆಗಳ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 16ಕ್ಕೆ 9. ಕರ್ಣದ ವರ್ಗವು ಉಳಿದೆರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮವೆಂದು ನೀವು ಪೈಥಾಗೊರಸನ ಹೆಸರಿನಲ್ಲಿ ಕಲಿತಿದ್ದೀರಿ. ನಮ್ಮ ಬೌಧಾಯನನ ಶುಲ್ಬಸೂತ್ರದಲ್ಲಿಯೂ ಅದಿದೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ 32ರ ಪರದೆ ಸುಮಾರು 28 ಅಂಗುಲ ಅಗಲ, 16 ಅಂಗುಲ ಎತ್ತರ. 43ರದು ಮೂವತ್ತೇಳೂವರೆ ಅಂಗುಲ ಅಗಲ, 21 ಅಂಗುಲ ಎತ್ತರ. 55ರದು 48 ಅಂಗುಲ ಅಗಲ, 27 ಅಂಗುಲ ಎತ್ತರ. ಸುತ್ತಲಿನ ಚೌಕಟ್ಟಿಗೆ ಸ್ವಲ್ಪ ಹೆಚ್ಚು ಹಿಡಿಯಬೇಕು.

ಕಾಗದದ ಮೇಲಿನ ಅಂಕಿಗಳು ಎಲ್ಲರಿಗೂ ಅರ್ಥವಾಗುವುದಿಲ್ಲ. ಅದಕ್ಕಾಗಿ ಮಗಳೂ ನಾನೂ ಹಳೆಯ ವರ್ತಮಾನ ಪತ್ರಿಕೆಗಳನ್ನು ಅಂಟಿಸಿ ಈ ಮೂರು ಅಳತೆಗಳಲ್ಲಿ ಕತ್ತರಿಸಿ, ಒಂದೊಂದನ್ನೇ ಗೋಡೆಗೆ ಹಚ್ಚಿ ನೋಡಿದೆವು. 55ರ ಕಾಗದ ಗೋಡೆಯನ್ನು ಪೂರ್ತಿ ನುಂಗಿ, ಬಾಗಿಲಿಗೂ ಬಾಯಿ ಹಾಕಿತು. 43ರ ಕಾಗದ ಗೋಡೆಯಲ್ಲಿ ಹಿಡಿಯಿತು, ಆದರೆ ಕಪಾಟು ಏಳಬೇಕಾಯಿತು. 32ರ ಕಾಗದ ಮಾತ್ರ ಕಪಾಟಿನ ಪಕ್ಕದಲ್ಲಿ ಉಳಿದ 30 ಅಂಗುಲದಲ್ಲಿ ಯಾರನ್ನೂ ನೂಕದೆ ಕುಳಿತುಕೊಂಡಿತು. ಮಗಳು ಅದನ್ನು ನೋಡಿ, “ಅಪ್ಪಾ, ಇದು ಪುಸ್ತಕಗಳ ಜೊತೆ ದೋಸ್ತಿ ಮಾಡೇದ” ಎಂದಳು.

ಮಂಚದ ಮೇಲಿದ್ದ ಅವ್ವ ಇದನ್ನೆಲ್ಲ ನೋಡಿ ನಕ್ಕು, ತನ್ನ ಬಾಲ್ಯದ ಸಂಗತಿಯೊಂದನ್ನು ಹೇಳಿದಳು. 1975ರ ಆಗಸ್ಟಿನಿಂದ ಒಂದು ವರ್ಷದ ಕಾಲ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಬಯಲುಸೀಮೆಯ ಹಳ್ಳಿಗರು ಅದನ್ನು ಕಂಡಿದ್ದರು. ಹದಿಮೂರು ವರ್ಷದ ಹುಡುಗಿಯಾಗಿದ್ದ ಅವ್ವ ಅದನ್ನು ನೋಡಿದವಳು. ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ ಹತ್ತು ಅಡಿಯ ದೊಡ್ಡ ಬುಟ್ಟಿ. ಅದರ ಕೆಳಗೆ ಒಂದೇ ಒಂದು ಕಪ್ಪು-ಬಿಳುಪಿನ ಪೆಟ್ಟಿಗೆ. ಅದರ ಮುಂದೆ ಇಡೀ ಊರು. “ಊರ ಮಂದಿಗೆಲ್ಲಾ ಅಷ್ಟ ಪೆಟಗಿ ಸಾಲ್ತಿತ್ತು. ನಾವು ನಾಕ ಮಂದಿಗೆ ಗ್ವಾಡಿ ತುಂಬ ಯಾಕಪಾ? ಸಣ್ಣವರು ಮುಂದ ಕೂಡ್ತಿದ್ರು, ದೊಡ್ಡವರು ಹಿಂದ. ಕಾಣಲಿಲ್ಲಂದ್ರ ಮುಂದ ಸರೀತಿದ್ವಿ” ಎಂದಳು.

ಅಂದು ಪರದೆ ಚಿಕ್ಕದು, ಅಂಗಳ ದೊಡ್ಡದು. ಇಂದು ಪರದೆ ದೊಡ್ಡದು, ಅಂಗಳವೇ ಇಲ್ಲ. ಆದರೆ ಅವ್ವನ ಕೊನೆಯ ಮಾತಿನಲ್ಲಿ ನಮ್ಮ ಸಮಸ್ಯೆಯ ಉತ್ತರವಿತ್ತು. ಕಾಣದಿದ್ದರೆ ಪರದೆಯನ್ನು ಹಿಗ್ಗಿಸಬೇಕೆಂದಿಲ್ಲ. ಮುಂದೆ ಸರಿದರೂ ಆಗುತ್ತದೆ.

ಇದನ್ನು ಸದೃಶ ತ್ರಿಭುಜಗಳ ಲೆಕ್ಕದಿಂದ ತಿಳಿಯಬಹುದು. ಮಂಚ ಹಿಂದಿನ ಗೋಡೆಗಿದ್ದಾಗ ಅವ್ವನ ಕಣ್ಣಿಗೂ ಪರದೆಗೂ ಒಂಬತ್ತು ಅಡಿ ದೂರ. ಅದನ್ನು ಕಿಟಕಿಯ ಕೆಳಗಿನ ಗೋಡೆಗುಂಟ ತಿರುಗಿಸಿ ಹಾಕಿದರೆ ಆರು ಅಡಿ. ಆರು ಅಡಿಯಿಂದ 32 ಅಂಗುಲದ ಪರದೆ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುವುದೋ, ಒಂಬತ್ತು ಅಡಿಯಿಂದ ಅಷ್ಟು ಕಾಣಬೇಕಾದರೆ 48 ಅಂಗುಲದ ಪರದೆ ಬೇಕು. ಎಂದರೆ, ಮಂಚವನ್ನು ಮೂರು ಅಡಿ ಸರಿಸಿದುದರಿಂದ ನಮ್ಮ 32ರ ಪರದೆ ಹಿಂದಿನ ಜಾಗಕ್ಕೆ 43ನ್ನು ತಂದುದಕ್ಕಿಂತಲೂ ದೊಡ್ಡದಾಯಿತು. ಅದಕ್ಕೆ ತಗುಲಿದ ವೆಚ್ಚ, ಮನೆಯಾಕೆಯೂ ನಾನೂ ಐದು ನಿಮಿಷ ಬೆವರಿದುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯನ್ನೇ ತಿರುಗಿಸಿ ಹಾಕಬಾರದೆಂದು ಅವರೇನೂ ಹೇಳಿಲ್ಲ.

ತೀರ ಹತ್ತಿರ ಕುಳಿತರೂ ಕಷ್ಟವೇ. ಸಾಮಾನ್ಯವಾಗಿ ಕರ್ಣದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರವಿರಬೇಕೆಂದು ಬಲ್ಲವರು ಹೇಳುತ್ತಾರೆ. ಆ ಪ್ರಕಾರ 32ಕ್ಕೆ ನಾಲ್ಕೂಕಾಲು ಅಡಿ, 43ಕ್ಕೆ ಸುಮಾರು ಆರು ಅಡಿ, 55ಕ್ಕೆ ಏಳು ಅಡಿಯ ಮೇಲೆ. ಹತ್ತು ಅಡಿಯ ಕೋಣೆಯಲ್ಲಿ 55ನ್ನು ಇಟ್ಟರೆ ಎಲ್ಲರೂ ಹಿಂದಿನ ಗೋಡೆಗೆ ಬೆನ್ನು ಒತ್ತಿ ಕೂಡಬೇಕು. ‘ದೂರದರ್ಶನ’ವೆಂಬ ಹೆಸರಿನಲ್ಲಿಯೇ ದೂರವಿದೆ, ನಮ್ಮ ಮನೆಗಳಲ್ಲಿ ಇಲ್ಲದಿರುವುದೂ ಅದೇ.

ಚುಕ್ಕೆಗಳ ವಿಚಾರವೂ ಹೀಗೆಯೇ. ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿದುದು. ಅಂಗಡಿಯವರು ‘ಎಚ್‌.ಡಿ.’ ಎನ್ನುವ 32ರ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 1366 ಚುಕ್ಕೆಗಳು, ‘ಫೋರ್-ಕೆ’ ಎನ್ನುವುದರಲ್ಲಿ 3840. ಆರು ಅಡಿ ದೂರದಿಂದ ಒಳ್ಳೆಯ ಕಣ್ಣು ಅಂಗುಲಕ್ಕೆ ಸುಮಾರು 48 ಚುಕ್ಕೆಗಳನ್ನಷ್ಟೇ ಬೇರೆ ಬೇರೆಯಾಗಿ ಗುರುತಿಸಬಲ್ಲುದು. 28 ಅಂಗುಲದ ಅಗಲದಲ್ಲಿ 1366 ಚುಕ್ಕೆಗಳೆಂದರೆ ಅಂಗುಲಕ್ಕೆ 49 ಆದವು. ಕಣ್ಣು ಕಾಣಲಾರದ ಚುಕ್ಕೆಗಳಿಗೆ ಹಣ ಕೊಡುವುದೇಕೆ?

ಮಂಚ ಈಗ ಓರೆಯಾಗಿದ್ದುದರಿಂದ ಇನ್ನೊಂದು ಪರೀಕ್ಷೆ ಉಳಿದಿತ್ತು. ಕೆಲವು ಪರದೆಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಮಾಸಿ ಮುಖಗಳು ಬಿಳಿಚಿದಂತೆ ಕಾಣುತ್ತವೆ. ಆದುದರಿಂದ ಮರುದಿನ ಅಂಗಡಿಯಲ್ಲಿ ಮೀನುಗಳನ್ನು ನಿಲ್ಲಿಸಿ ಸಾಧಾರಣ ವಾರ್ತೆಯನ್ನು ಹಾಕಿಸಿ, ಓರೆಯಾಗಿ ನಿಂತು, ನೆಲದ ಮಟ್ಟಕ್ಕೆ ಕುಕ್ಕರಿಸಿಯೂ ನೋಡಿದೆ. ಮಾರುವ ತರುಣ ಮೊದಲು ಬೆರಗಾದ. ಕಾರಣ ತಿಳಿದ ಮೇಲೆ ತಾನೇ ಮುಂದಾಗಿ ಮೂರು ಯಂತ್ರಗಳನ್ನು ತೋರಿಸಿದ. ಅವುಗಳಲ್ಲಿ ಪಕ್ಕದಿಂದಲೂ ಬಣ್ಣ ಕೆಡದ ಒಂದನ್ನು ಆರಿಸಿದೆವು.

ಹಿಂದಿನ ಪೆಟ್ಟಿಗೆಗಳಿಗೆ ಹೊಟ್ಟೆ ದೊಡ್ಡದು. ಗಾಜಿನ ಕೊಳವೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳು ಪರದೆಯ ಮೂಲೆಮೂಲೆಗೂ ಹರಡಲು ಹಿಂದೆ ಅಷ್ಟು ಜಾಗ ಬೇಕಾಗುತ್ತಿತ್ತು. ಹೀಗಾಗಿ ಹಳೆಯದು ನೆಲವನ್ನು ಕೇಳುತ್ತಿತ್ತು, ಹೊಸದು ಗೋಡೆಯನ್ನು ಕೇಳುತ್ತದೆ. ನಮ್ಮದು ಬಾಡಿಗೆಯ ಮನೆ. ಗೋಡೆಗೆ ತೂತು ಕೊರೆಯುವ ಅಧಿಕಾರ ನಮಗಿಲ್ಲ. ಅಪ್ಪನ ಕಾಲದ ಕಬ್ಬಿಣದ ಟ್ರಂಕನ್ನು ಇಟ್ಟಿಗೆಗಳ ಮೇಲಿಟ್ಟು, ಅದರ ಮೇಲೆ ಯಂತ್ರವನ್ನು ನಿಲ್ಲಿಸಿದೆವು. ಅದರ ಎರಡು ಕಾಲುಗಳ ನಡುವಿನ ಅಂತರವನ್ನು ಅಂಗಡಿಯಲ್ಲಿಯೇ ಅಳೆದು ಬಂದಿದ್ದೆವು. ಪರದೆಯ ನಡುಭಾಗ ನೆಲದಿಂದ ಸುಮಾರು ಮೂರು ಅಡಿಗೆ ಬಂದಿತು. ಚಾಪೆಯ ಮೇಲೆ ಕೂಡುವವರಿಗೂ ಮಂಚದ ಮೇಲೆ ಕೂಡುವವರಿಗೂ ಕತ್ತು ನೋಯುವುದಿಲ್ಲ. ಬುಧವಾರ ಪೇಟೆಯ ತಪಕೀರ ಗಲ್ಲಿಯಿಂದ ವಯರು, ಪ್ಲಗ್ಗು ಬಂದವು. ಮಕ್ಕಳಿರುವ ಮನೆಯಾದುದರಿಂದ ಯಂತ್ರ ಮುಂದಕ್ಕೆ ಉರುಳದಂತೆ ಒಂದು ಪಟ್ಟಿಯಿಂದ ಹಿಂದಕ್ಕೆ ಬಿಗಿದೆವು.

ಜಾಗದ ಹಂಚಿಕೆ ಮುಗಿದರೂ ಹೊತ್ತಿನ ಹಂಚಿಕೆ ಉಳಿಯಿತು. ಒಂದೇ ಕೋಣೆಯಲ್ಲಿ ಪರದೆಯೂ ಪಾಠವೂ ಒಟ್ಟಿಗೆ ನಡೆಯಲಾರವು. ಈ ವಿಷಯದಲ್ಲಿ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿ ನಮಗೆ ದಾರಿ ತೋರಿಸಿತು. ಅಲ್ಲಿ 2022ರಲ್ಲಿ ಊರವರೇ ಸೇರಿ ಒಂದು ಕಟ್ಟು ಮಾಡಿಕೊಂಡರು. ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಭೋಂಗಾ ಕೂಗಿದೊಡನೆ ಒಂದೂವರೆ ಗಂಟೆಯ ಕಾಲ ಮನೆಮನೆಯಲ್ಲಿ ದೂರದರ್ಶನವೂ ಮೊಬೈಲೂ ಬಾಯಿ ಮುಚ್ಚಬೇಕು, ಮಕ್ಕಳು ಪುಸ್ತಕ ತೆರೆಯಬೇಕು. ನಮ್ಮ ಮನೆಗೆ ಭೋಂಗಾ ಇಲ್ಲ, ಅವ್ವ ಇದ್ದಾಳೆ. ಏಳು ಹೊಡೆದೊಡನೆ ತಾನೇ ಗುಂಡಿ ಒತ್ತಿ ಆರಿಸುತ್ತಾಳೆ. “ನಾ ಹಗಲೆಲ್ಲ ನೋಡೀನಿ. ಈಗ ಕೂಸಿನ ಪಾಳೆ” ಎನ್ನುತ್ತಾಳೆ.

ಹಗಲಿನಲ್ಲಿ ಈಗ ಆ ಕೋಣೆಯಿಂದ ಕನ್ನಡದ ದನಿ ಓಣಿಗೂ ಕೇಳುತ್ತದೆ. ಪಕ್ಕದ ಮನೆಯ ಅಜ್ಜಿಯೂ ಆಗಾಗ ಬಂದು ಮಂಚದ ಮೇಲೆ ಅವ್ವನ ಜೊತೆಗೆ ಕೂಡುತ್ತಾರಂತೆ. ಧಾರಾವಾಹಿಯಲ್ಲಿ ಅತ್ತೆ ಯಾರು, ಸೊಸೆ ಯಾರು ಎಂಬುದಕ್ಕೆ ಭಾಷಾಂತರ ಬೇಕಾಗಿಲ್ಲ. ಅವ್ವನಿಗೆ ನಾಲ್ಕಾರು ಮರಾಠಿ ಶಬ್ದಗಳು, ಆ ಅಜ್ಜಿಗೆ ನಾಲ್ಕಾರು ಕನ್ನಡ ಶಬ್ದಗಳು ಬಂದಿವೆ. ರಾತ್ರಿ ಊಟವಾದ ಮೇಲೆ ಒಮ್ಮೊಮ್ಮೆ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಹಾಕಿಕೊಂಡು ನಾಲ್ವರೂ ಉತ್ತರ ಹೇಳುವ ಪೈಪೋಟಿ ನಡೆಸುತ್ತೇವೆ. ಅದರಲ್ಲಿ ಗೆದ್ದವರಿಗೆ ಕೊಡುವ ಬಹುಮಾನ ಪುಸ್ತಕಗಳು. ಉತ್ತರ ತಿಳಿಯದಿದ್ದರೆ ಮಗಳು ಏಳಬೇಕಾಗಿಲ್ಲ. ಕೈ ಚಾಚಿದರೆ ಪಕ್ಕದಲ್ಲಿಯೇ ಕಪಾಟು ಸಿಕ್ಕುತ್ತದೆ.

ಬಾಲಮಿತ್ರರೇ, ನಿಮ್ಮ ಮನೆಗೂ ಇಂದಲ್ಲ ನಾಳೆ ಇಂಥ ಅತಿಥಿ ಬರಬಹುದು. ಆಗ ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿಯನ್ನು ಹಿಡಿಯಿರಿ, ಹಳೆಯ ಪತ್ರಿಕೆಯನ್ನು ಕತ್ತರಿಸಿ ಗೋಡೆಗೆ ಹಚ್ಚಿ ನೋಡಿರಿ. ಗೋಡೆಯನ್ನು ಅಳೆದ ಮೇಲೆ ಒಂದು ಕ್ಷಣ ನಿಂತು, ಮನೆಯಲ್ಲಿ ಯಾರು ಎಲ್ಲಿ ಕೂಡುತ್ತಾರೆ, ಯಾರ ಕಣ್ಣು ಮಂದ, ಯಾರಿಗೆ ಓದಲು ಮೂಲೆ ಬೇಕು ಎಂಬುದನ್ನೂ ಅಳೆಯಿರಿ. ಈ ಅಳತೆ ಅಂಗಡಿಯ ಚೀಟಿಯಲ್ಲಿ ಬರೆದಿರುವುದಿಲ್ಲ; ಮನೆಯವರೇ ಅದನ್ನು ಕಂಡುಕೊಳ್ಳಬೇಕು.