ಹುಲಿಹೈದರಕ್ಕೆ ಹೋದ ಲ್ಯಾಪ್‌ಟಾಪು

ನಮ್ಮ ಸಿನಿಮಾಗಳಲ್ಲಿ ಸೋದರಮಾವ ಅಂದರೆ ಹೇಗಿರುತ್ತಾನೆ ಹೇಳಿ? ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ತಟ್ಟೆ ತುಂಬ ಸೀರೆ, ಒಡವೆ, ಹಣ್ಣು! ಹೊಸ್ತಿಲು ತುಳಿದನೆಂದರೆ ಹಿನ್ನೆಲೆಯಲ್ಲಿ ನಾದಸ್ವರ ಮೊಳಗಬೇಕು.

ನಾನೂ ಒಬ್ಬ ಸೋದರಮಾವನೇ. ಆದರೆ 2025ರ ಆಗಸ್ಟ್ ತಿಂಗಳಲ್ಲಿ ಅಕ್ಕನ ಫೋನು ಬಂದಾಗ ನಾನಿದ್ದದ್ದು ಗಾಂಧಿನಗರದ ಒಂದು ಆಫೀಸಿನ ಮೆಟ್ಟಿಲ ಮೇಲೆ. ಮೂರು ತಿಂಗಳ ಹಿಂದೆ ಬರೆದುಕೊಟ್ಟ ಲೇಖನದ ಎರಡೂವರೆ ಸಾವಿರಕ್ಕೆ 'ನಾಳೆ ಬಾರಪ್ಪ' ಅನ್ನಿಸಿಕೊಂಡು ಬೈ-ಟೂ ಟೀ ಕುಡಿಯುತ್ತಾ ಕೂತಿದ್ದೆ.

"ತಮ್ಮಾ, ನಿನ್ನ ಸೊಸಿಗೆ ಸೀಟು ಸಿಕ್ಕೈತೋ! ತಳಕಲ್ಲಾಗ ಎಂಜಿನಿಯರಿಂಗು. ಕಂಪ್ಯೂಟರಂತ."

ತಳಕಲ್ಲು ನಮ್ಮ ಕೊಪ್ಪಳ ಜಿಲ್ಲೆಯದೇ, ಕುಕನೂರು ತಾಲೂಕು. ಅಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಕ್ಕನ ಮನೆ ಇರುವುದು ಹುಲಿಹೈದರದಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. 'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಅಂತ ಗಾದೆ ಇದೆಯಲ್ಲ, ಆ ಕನಕಗಿರಿ ಕಡೆಯ ಊರು. ಮೊದಲು ಗಂಗಾವತಿ ತಾಲೂಕಿಗೆ ಸೇರಿತ್ತು, ಈಗ ಕನಕಗಿರಿಯೇ ತಾಲೂಕಾಗಿದೆ. ಈ ಸೀಮೆಯ ಹುಡುಗರಿಗೆ 2013ರಲ್ಲಿ ಬಂದ 371ಜೆ ದೊಡ್ಡ ಆಸರೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯವರಿಗೇ. ಹಾಗಂತ ಹುಡುಗಿಯನ್ನು ಕಡಿಮೆ ಅಂದುಕೊಳ್ಳಬೇಡಿ. ಭಾವ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಹಮಾಲಿ, ಅಕ್ಕ ಭತ್ತದ ನಾಟಿಗೆ ಹೋಗುವವಳು. ಟ್ಯೂಷನ್ನೂ ಇಲ್ಲ ಗೀಷನ್ನೂ ಇಲ್ಲ. ಫೋನಿನಲ್ಲೇ ಪಾಠ ಕೇಳಿ ಸಿಇಟಿ ಬರೆದವಳು!

"ನೀ ಏನೋ ಕೊಡಸ್ತೀನಿ ಅಂದಿದ್ದೆಂತಲ್ಲ? ನಾ ಕೇಳವಲ್ಲೆ. ಅಕಿನ ನೆನಪಿಟ್ಟಾಳ."

ಅಂದಿದ್ದೆ. ಆಕೆ ಎಸ್ಸೆಸ್ಸೆಲ್ಸಿ ಪಾಸಾದ ದಿನ, ಜನ ಸೇರಿದ್ದ ಕಟ್ಟೆಯ ಮೇಲೆ ಎದೆಯುಬ್ಬಿಸಿ, "ಕಾಲೇಜಿಗೆ ಹೋಗೋ ದಿನ ಲ್ಯಾಪ್‌ಟಾಪು ನನ್ನದು" ಅಂದಿದ್ದೆ. ಡೈಲಾಗು ಹೊಡೆಯುವಾಗ ದುಡ್ಡು ಬೀಳುವುದಿಲ್ಲವಲ್ಲ!

ಇಲ್ಲೊಂದು ಫ್ಲಾಷ್‌ಬ್ಯಾಕ್ ಹಾಕಲೇಬೇಕು. ಹಾಕದಿದ್ದರೆ ಕಥೆ ಸುಳ್ಳಾಗುತ್ತದೆ.

ನಾನು ಪಿಯುಸಿ ಪೂರ್ತಿ ಮಾಡಿದವನಲ್ಲ. ಗಂಗಾವತಿಯಲ್ಲಿ ಎರಡನೇ ವರ್ಷ ಓದುತ್ತಿದ್ದೆ. ಪರೀಕ್ಷೆ ಫೀಸು ಕಟ್ಟಬೇಕು ಅಂದಾಗ ಮನೆಯಲ್ಲಿ ಅಪ್ಪ ಕೈಯೆತ್ತಿದ್ದ. ಅಕ್ಕ ನಾಟಿ ಕೂಲಿಯ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಎಣಿಸದೇ ಕೊಟ್ಟಿದ್ದಳು. ಅದರ ಮೇಲೆ ಇನ್ನೂ ಕೆಸರಿನ ಕಲೆ ಇತ್ತು. 2014ರ ಡಿಸೆಂಬರ್ 25ಕ್ಕೆ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಿಡುಗಡೆಯಾಯಿತು. ಮುಂದಿನದು ನಿಮಗೇ ತಿಳಿಯಿತು ಅಂದುಕೊಳ್ಳುತ್ತೇನೆ. ಮೂರು ಸಲ ನೋಡಿದೆ. ಗೆಳೆಯರಿಗೂ ತೋರಿಸಿದೆ. ಉಳಿದದ್ದರಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಪರೀಕ್ಷೆಯ ಹೊತ್ತಿಗೆ ನಾನು ಮೆಜೆಸ್ಟಿಕ್‌ನಲ್ಲಿ ಒಬ್ಬ ಪೋಸ್ಟರ್ ಅಂಟಿಸುವವನ ಹಿಂದೆ ಅಂಟಿನ ಬಕೀಟು ಹಿಡಿದು ಓಡುತ್ತಿದ್ದೆ. ಫೀಸು ಕಟ್ಟಿದ್ದೆ, ಓದು ತಲೆಗೆ ಹತ್ತಲಿಲ್ಲ, ಬಿಟ್ಟೆ ಅಂತ ಅಕ್ಕನಿಗೆ ಹೇಳಿದೆ. ಆಕೆ "ಹೋಗ್ಲಿ ಬಿಡು" ಅಂದಳು. ಅಷ್ಟೇ.

ಇರಲಿ. ಈಗ ನನ್ನ ಖಾತೆಯಲ್ಲಿ ಐವತ್ತೆಂಟು ಸಾವಿರ ಇತ್ತು. ಒಂದು ಕಿರುಚಿತ್ರ ಮಾಡಬೇಕೆಂದು ಎರಡು ವರ್ಷ ಮಧ್ಯಾಹ್ನದ ಊಟಕ್ಕೆ ಚಿತ್ರಾನ್ನ ತಿಂದು ಕೂಡಿಟ್ಟದ್ದು. ಅದನ್ನು ನೆನೆಸಿಕೊಂಡೇ ಅವೆನ್ಯೂ ರೋಡ್ ದಾಟಿ ಎಸ್.ಪಿ. ರೋಡಿಗೆ ನಡೆದೆ.

ಎಸ್.ಪಿ. ರೋಡ್ ಅಂದರೆ ಸಾದರ್ ಪತ್ರಪ್ಪ ರಸ್ತೆ. ಲ್ಯಾಪ್‌ಟಾಪಿನ ಮಟ್ಟಿಗೆ ನಮ್ಮ ಗಾಂಧಿನಗರ ಇದ್ದ ಹಾಗೆ! ಹೊಸಬರು, ಹಳಬರು, ಮಾರ್ಕೆಟ್ ಹೋದವರು, ಮೇಕಪ್ ಹಚ್ಚಿ ಮತ್ತೆ ಹೀರೋ ಆದವರು, ಎಲ್ಲರೂ ಸಿಗುತ್ತಾರೆ. "ಬಾ ಅಣ್ಣ, ಹೊಸದಾ, ಸೆಕೆಂಡ್ಸಾ?" ಅಂತ ಕೈ ಹಿಡಿದು ಎಳೆಯುತ್ತಾರೆ.

ಮೊದಲು ಸೆಕೆಂಡ್ಸ್ ನೋಡಿದೆ. ಹದಿನೆಂಟು ಸಾವಿರಕ್ಕೆ ಫಳಫಳ ಹೊಳೆಯುವ ಮಾಲು. ಕಂಪನಿ ಆಫೀಸುಗಳಲ್ಲಿ ದುಡಿದು ರಿಟೈರ್ ಆದದ್ದು. ಹೊರಗಿನ ಪಾಲಿಷ್ ನೋಡಿ ಮರುಳಾಗುತ್ತಿದ್ದೆ. ಆದರೆ ಒಂದು ವಿಷಯ ಕೇಳಿಟ್ಟುಕೊಂಡಿದ್ದೆ. ಇಂಟೆಲ್ ಆದರೆ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರಿಗೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 11 ಅಧಿಕೃತವಾಗಿ ಕೊಡುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸುವ ದಿನ ಆಗಲೇ ಗೊತ್ತಾಗಿತ್ತು, 2025ರ ಅಕ್ಟೋಬರ್ 14. ಅವರು ಹೇಳಿದ ದಿನಕ್ಕೇ ನಿಲ್ಲಿಸಿದರು ಕೂಡ. ನನಗೆ ತೋರಿಸಿದ್ದು ಆರನೇ ಪೀಳಿಗೆಯದು. ಕಾಲೇಜಿನ ನಾಲ್ಕು ವರ್ಷಕ್ಕೆ ಇಂಥದ್ದನ್ನು ಕೊಡುವುದು ಅಂದರೆ ಇಂಟರ್‌ವಲ್‌ವರೆಗಿನ ಟಿಕೆಟ್ ಕೊಟ್ಟ ಹಾಗೆ! ಲಿನಕ್ಸ್ ಹಾಕಿಕೊಂಡು ನಡೆಸುವ ಜಾಣರಿದ್ದಾರೆ, ಅವರಿಗೆ ನಮಸ್ಕಾರ. ಹೊಸಬಳಿಗೆ ಆ ತಲೆನೋವು ಬೇಡ ಅನ್ನಿಸಿತು.

ಆಮೇಲೆ ಹೀರೋ ಎಂಟ್ರಿ ಆಯಿತು ನೋಡಿ.

ಗಾಜಿನ ಕಪಾಟಿನೊಳಗೆ ಕಪ್ಪು ಮೈ, ಕೆಂಪಗೆ ಹೊಳೆಯುವ ಕೀಬೋರ್ಡು, ಹಿಂದಿನಿಂದ ವಿಮಾನದ ಹಾಗೆ ಗಾಳಿ ಬಿಡುವ ಫ್ಯಾನು. ಗೇಮಿಂಗ್ ಲ್ಯಾಪ್‌ಟಾಪು! ಒಳಗೆ ಬೇರೆಯೇ ಗ್ರಾಫಿಕ್ಸ್ ಕಾರ್ಡು. "ಸಾರ್, ಎಡಿಟಿಂಗ್‌ಗೆ ರಾಕೆಟ್ ಸಾರ್ ಇದು" ಅಂದ ಹುಡುಗ. ನಾನು ಎಡಿಟಿಂಗ್ ಮಾತೇ ಎತ್ತಿರಲಿಲ್ಲ. ನನ್ನ ಮುಖದ ಮೇಲೆ ಬರೆದಿತ್ತೇನೋ.

ನಿಮಗೆ ಗೊತ್ತಿದೆ, 2022ರಲ್ಲಿ ಬಂದ 'ಕೆ.ಜಿ.ಎಫ್. ಚಾಪ್ಟರ್ 2'ರ ಎಡಿಟರ್ ಉಜ್ವಲ್ ಕುಲಕರ್ಣಿ. ಕಿರುಚಿತ್ರ, ಅಭಿಮಾನಿಗಳ ವಿಡಿಯೋ ಅಂತ ಕತ್ತರಿಸಿ ಜೋಡಿಸುತ್ತಿದ್ದ ಚಿಕ್ಕ ಪ್ರಾಯದ ಹುಡುಗನಿಗೆ ಪ್ರಶಾಂತ್ ನೀಲ್ ಅಷ್ಟು ದೊಡ್ಡ ಚಿತ್ರವನ್ನೇ ಒಪ್ಪಿಸಿದರು. ಒಂದು ಕಾಲದಲ್ಲಿ ಎಡಿಟಿಂಗ್ ಅಂದರೆ ಮದ್ರಾಸಿಗೆ ಹೋಗಿ, ಮೂವಿಯೋಲಾ ಮುಂದೆ ಕೂತು, ರೀಲು ಕತ್ತರಿಸಿ ಅಂಟಿಸಬೇಕಿತ್ತು. ಈಗ ಆ ಸ್ಟುಡಿಯೋ ತೊಡೆಯ ಮೇಲೆ ಕೂರುತ್ತದೆ! ಅಂಗಡಿಯಲ್ಲಿ ನಿಂತಲ್ಲೇ ಲೆಕ್ಕ ಹಾಕಿದೆ. ಕಾಲೇಜು ಶುರುವಾಗಲು ದಿನ ಇದೆ. ಅಷ್ಟರೊಳಗೆ ನನ್ನ ಕಿರುಚಿತ್ರದ ಕೆಲಸ ಅದರಲ್ಲೇ ಮುಗಿಸಬಹುದು. ರಜೆಗೆ ಬಂದಾಗ ಆಕೆ ಎರವಲು ಕೊಡದೇ ಇರುತ್ತಾಳೆಯೇ? ಬೆಲೆ ಅರವತ್ತೆರಡು ಸಾವಿರ. ಬಾಕಿ ನಾಲ್ಕು ಸಾವಿರಕ್ಕೆ ಕಂತು. "ಪ್ಯಾಕ್ ಮಾಡಪ್ಪ" ಅನ್ನುವ ಮಾತು ತುಟಿಗೆ ಬಂದಿತ್ತು. ಬಣ್ಣ ಕೇಳೋಣ ಅಂತ ಸುಮ್ಮನೆ ಹುಡುಗಿಗೆ ಫೋನು ಹಚ್ಚಿದೆ.

"ಮಾಮಾ, ಬಣ್ಣ ಯಾವುದಾದ್ರೂ ಇರ್ಲಿ. ತೂಕ ಎಷ್ಟೈತಿ?"

ಕೇಳಿ ಹೇಳಿದೆ. "ಎರಡೂಕಾಲು ಕೇಜಿ. ಚಾರ್ಜರು ಬ್ಯಾರೆ."

"ಕರೆಂಟ್ ಇಲ್ದ ಎಷ್ಟು ತಾಸು ನಡಿತೈತಿ?"

ಅಂಗಡಿ ಹುಡುಗ ತಲೆ ಕೆರೆದ. "ನಾಲ್ಕು ಗಂಟೆ ಸಾರ್... ಜೋರಾಗಿ ಕೆಲಸ ಕೊಟ್ರೆ ಒಂದೂವರೆ."

"ಹಂಗಾರ ಅದು ಬ್ಯಾಡ ಮಾಮಾ. ನಾ ಕೊಪ್ಪಳದಾಗ ಚಿಗವ್ವನ ಮನ್ಯಾಗ ಇದ್ದು ದಿನಾ ಬಸ್ಸಿಗೆ ಹೋಗಿ ಬರಾಕಿ. ಬಸ್ಸು ಪುಕ್ಕಟ ಐತಿ, ಆದ್ರ ನಿಂತ ಹೋಗಬೇಕು. ಅಷ್ಟು ಭಾರ ಹೆಗಲಿಗೆ ಹಾಕ್ಕೊಂಡು ನಾಕ ವರ್ಷ ಹೆಂಗ ನಿಲ್ಲಲಿ? ಊರಿಗೆ ಬಂದ್ರ ಮಳಿ ಗಾಳಿಗೆ ಕರೆಂಟ್ ಇರಂಗಿಲ್ಲ. ಮೊದಲ್ನೇ ವರ್ಷ ಸಿ ಕೋಡಿಂಗು, ಪೈಥಾನು. ಅದಕ್ಕ ಗ್ರಾಫಿಕ್ಸ್ ಬೇಕಾಗಂಗಿಲ್ಲಂತ. RAM 16 ಇರ್ಲಿ, ಇಲ್ಲಾ ಎಂಟಿದ್ರ ಮುಂದ ಹಾಕಸಾಕ ಜಾಗ ಇರ್ಲಿ. ಕೆಲವ್ರದ್ರಾಗ ಬೋರ್ಡಿಗೇ ಬೆಸುಗಿ ಹಾಕಿರ್ತಾರಂತ ನೋಡು, ಕೇಳು."

ನಾನು ಬಾಯಿ ತೆರೆದು ನಿಂತೆ. ಹುಲಿಹೈದರದಲ್ಲಿ ಕೂತ ಹುಡುಗಿ ನನಗೆ ಎಸ್.ಪಿ. ರೋಡಿನಲ್ಲಿ ಪಾಠ ಹೇಳುತ್ತಿದ್ದಳು!

"ಮತ್ತ ಮಾಮಾ... ಬಿಲ್ಲು ಅವ್ವನ ಹೆಸರಿಗೆ ಮಾಡಸ್ತಿ?"

"ಅವ್ವನ ಹೆಸರಿಗೆ ಯಾಕ ಯವ್ವಾ?"

"ಅಕಿ ಹೆಸರಿಗೆ ಇಲ್ಲಿ ತನ ರೇಷನ್ ಕಾರ್ಡ್ ಬಿಟ್ಟು ಏನೂ ಬಂದಿಲ್ಲ."

ಫೋನು ಇಟ್ಟ ಮೇಲೆ ಆ ಕೆಂಪು ದೀಪದ ಯಂತ್ರವನ್ನು ಇನ್ನೊಮ್ಮೆ ನೋಡಿದೆ. ಅದು ಬೇಕಾಗಿದ್ದದ್ದು ಯಾರಿಗೆ ಸ್ವಾಮೀ? ನನಗೆ. ಹತ್ತು ವರ್ಷದ ಹಿಂದೆ ಫೀಸಿನ ದುಡ್ಡು ಹಿಡಿದು ಟಿಕೆಟ್ ಕೌಂಟರಿನ ಮುಂದೆ ನಿಂತ ಅದೇ ಹುಡುಗ ಇವತ್ತೂ ನಿಂತಿದ್ದ. ಮೀಸೆ ಬಂದಿತ್ತು, ಅಷ್ಟೇ.

ಕಡೆಗೆ ಕೊಂಡದ್ದು ಬೂದು ಬಣ್ಣದ ಸಾದಾ ಮಾಲು. ಹದಿನಾಲ್ಕು ಇಂಚಿನ ಪರದೆ, ಒಂದು ಕೇಜಿ ನಾನೂರು ಗ್ರಾಮು, RAM 16 ಜಿಬಿ, 512 ಜಿಬಿ ಎಸ್‌ಎಸ್‌ಡಿ. ಈ ಎಸ್‌ಎಸ್‌ಡಿ ಇಲ್ಲದ್ದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ತಿರುಗುವ ಹಾರ್ಡ್ ಡಿಸ್ಕಿನದು ಆನ್ ಆಗುವಷ್ಟರಲ್ಲಿ ಟೈಟಲ್ ಕಾರ್ಡ್ ಮುಗಿದಿರುತ್ತದೆ. ಬ್ಯಾಗು, ಮೌಸು ಸೇರಿ ನಲವತ್ತಾರೂವರೆ ಸಾವಿರ. ಯಂತ್ರದ ಬೆಲೆಯೊಳಗೇ ಶೇ. 18 ಜಿಎಸ್‌ಟಿ ಕೂತಿರುತ್ತದೆ. 'ಬಿಲ್ಲು ಬೇಡ ಅಂದ್ರೆ ಕಡಿಮೆ ಮಾಡ್ತೀವಿ' ಅಂದರು. ಬಿಲ್ಲಿಲ್ಲದೆ ವಾರಂಟಿ ಕೇಳಲು ಹೋದರೆ ಏನಾಗುತ್ತದೆಂದು ಬೇರೆ ಹೇಳಬೇಕೆ? ಅಲ್ಲದೆ ನಮ್ಮ ಬಿಲ್ಲಿನಲ್ಲಿ ಹೆಸರೇ ಮುಖ್ಯ. ಇನ್ನೆರಡು ವರ್ಷ ಮನೆ ಬಾಗಿಲಿಗೇ ಬಂದು ರಿಪೇರಿ ಮಾಡುವ ವಾರಂಟಿಗೆ ಮೇಲೆ ದುಡ್ಡು ಕೊಟ್ಟೆ. ಬೆಂಗಳೂರಿನವರಿಗೆ ಇದು ದಂಡ ಅನ್ನಿಸಬಹುದು. ಹುಲಿಹೈದರದಿಂದ ಸರ್ವಿಸ್ ಸೆಂಟರು ಹುಡುಕಿಕೊಂಡು ಹೋದರೆ ಒಂದು ದಿನದ ಕೂಲಿ ಹೋಯಿತು.

ಸರ್ಕಾರದ್ದು ಸಿಗುವುದಿಲ್ಲವೇ ಅಂತ ಗೆಳೆಯನೊಬ್ಬ ಕೇಳಿದ. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲ್ಯಾಪ್‌ಟಾಪು ಹಂಚಿದ್ದರು, 2021ರಲ್ಲಿ ಟ್ಯಾಬ್ಲೆಟ್ಟು. ಸಿಕ್ಕರೆ ಸಂತೋಷ. ಆದರೆ ಮಾತು ಕೊಟ್ಟವನು ನಾನು, ಸರ್ಕಾರವಲ್ಲ.

"ಕನ್ನಡ ಸ್ಟಿಕರ್ ಅಂಟಿಸ್ಲಾ ಅಣ್ಣ, ನೂರು ರೂಪಾಯಿ" ಅಂದ ಹುಡುಗ. ಬೇಡ ಅಂದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇದೆಯಲ್ಲ, 'ನುಡಿ'ಗೆ ಬುನಾದಿಯಾದದ್ದು, ಅದರಲ್ಲಿ ಇಂಗ್ಲಿಷ್ 'ಕೆ' ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಒಂದು ವಾರದಲ್ಲಿ ಬೆರಳಿಗೆ ಹತ್ತುತ್ತದೆ. ನನ್ನ ಹೊಟ್ಟೆ ನಡೆಯುವುದೇ ಆ ಪುಣ್ಯಾತ್ಮರಿಂದ.

ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬೆಳಿಗ್ಗೆ ಗಂಗಾವತಿ, ಅಲ್ಲಿಂದ ಕನಕಗಿರಿ, ಆಮೇಲೆ ಊರು. ಅಕ್ಕ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿದಳು. ಕಾಯಿ ಒಡೆದು ನೀರು ಚಿಮುಕಿಸಲು ಹೋದವಳನ್ನು ಮಗಳು ಓಡಿ ಬಂದು ತಡೆದಳು! ಬಿಲ್ಲನ್ನು ಅಕ್ಕನ ಕೈಗೆ ಕೊಟ್ಟೆ. ತನ್ನ ಹೆಸರನ್ನು ಬೆರಳಿಟ್ಟು ಓದಿದಳು. ಮಡಚಿ ದೇವರ ಫೋಟೋದ ಹಿಂದಿಟ್ಟಳು. ಬೆಲೆ ಓದಿದಳೋ ಇಲ್ಲವೋ, ಏನೂ ಅನ್ನಲಿಲ್ಲ.

ಸಂಜೆ ಮಳೆ ಶುರುವಾಯಿತು, ಕರೆಂಟು ಹೋಯಿತು. ಕತ್ತಲ ಮನೆಯಲ್ಲಿ ಅದೊಂದೇ ಬೆಳಕು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸದೇ ಕೇಳಿದಳು:

"ತಮ್ಮಾ, ಆ ರಾಮಾಚಾರಿ ಪಿಚ್ಚರ್ ಚಲೋ ಇತ್ತೇನೋ?"

ನನ್ನ ಗಂಟಲಲ್ಲಿ ರೊಟ್ಟಿ ನಿಂತಿತು. ಹತ್ತು ವರ್ಷ! ಗೆಳೆಯರಲ್ಲಿ ಯಾವನೋ ಆವತ್ತೇ ಹೇಳಿದ್ದಾನೆ. ಈಕೆ ಹತ್ತು ವರ್ಷ ಬಾಯಿ ಬಿಟ್ಟಿಲ್ಲ.

"ಚಲೋ ಇತ್ತು ಬೇ" ಅಂದೆ. ಬೇರೇನು ಹೇಳಲಿ?

"ಹಂಗಾರ ಹಚ್ಚು, ನಾನೂ ನೋಡ್ತೀನಿ. ರೊಕ್ಕಾ ಕೊಟ್ಟಾಕಿ ನಾನು!"

ಹುಡುಗಿ ಬಿದ್ದು ಬಿದ್ದು ನಕ್ಕಳು. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಹುಡುಕಿದಳು, ಲ್ಯಾಪ್‌ಟಾಪನ್ನು ಜೋಳದ ಚೀಲದ ಮೇಲಿಟ್ಟಳು. ಮೂವರೂ ಗೋಡೆಗೆ ಒರಗಿ ಕೂತೆವು. ಇಂಟರ್‌ವಲ್ ಬರುವ ಮೊದಲೇ ಅಕ್ಕ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಆರಕ್ಕೆ ನಾಟಿಯ ಟಂಟಂ ಬರುವುದಿತ್ತು. ಹುಡುಗಿ ಸದ್ದು ತಗ್ಗಿಸಿ, ಪರದೆಯ ಮೂಲೆ ನೋಡಿ, "ಇನ್ನಾ ಅರವತ್ತೊಂದು ಪರ್ಸೆಂಟ್ ಐತಿ ಮಾಮಾ" ಅಂದಳು.